ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಸಮಾಜ ಮತ್ತು ವರ್ತನಾ ವಿಜ್ಞಾನಗಳ ಎರಡು ವರ್ಷದ ಪದವಿ: ಏನೇನು ಓದಬೇಕು, ಎಷ್ಟು ಯೂನಿಟ್ ಬೇಕು?

ಮಲ್ಲಿಗೆಹಂಬು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಮೂರು ವರ್ಷದ ಬಿ.ಕಾಂ. ಮುಗಿಸಿದ್ದೇನೆ. ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿ ಫ್ರಿಮಾಂಟ್‌ಗೆ ಬಂದು ಒಂದೂವರೆ ವರ್ಷವಾಗಿದೆ. ಮಗ ಶಾಲೆಗೆ ಸೇರಿದ ಮೇಲೆ ಹಗಲಿನಲ್ಲಿ ಬಿಡುವು ಸಿಗುತ್ತಿರುವುದರಿಂದ, ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಆಪ್ತಸಮಾಲೋಚನೆಯ ಓದನ್ನು ಇಲ್ಲಿಯೇ ಆರಂಭಿಸಬೇಕೆಂದಿದ್ದೇನೆ.

ಹತ್ತಿರದ ಕಾಲೇಜುಗಳ ಕೈಪಿಡಿ ತೆರೆದು ನೋಡಿದರೆ ಸಮಾಜ ಮತ್ತು ವರ್ತನಾ ವಿಜ್ಞಾನಗಳಲ್ಲಿ ಎಎ (ಅಸೋಸಿಯೇಟ್ ಆಫ್ ಆರ್ಟ್ಸ್) ಎಂಬ ಪದವಿಯೊಂದಿದೆ. ಅದರ ಪಕ್ಕದಲ್ಲೇ ಮನಃಶಾಸ್ತ್ರದಲ್ಲಿ ಎಎ-ಟಿ, ಸಮಾಜಶಾಸ್ತ್ರದಲ್ಲಿ ಎಎ-ಟಿ ಎಂದು ಬೇರೆ ಪದವಿಗಳಿವೆ. ಎಲ್ಲದಕ್ಕೂ 60 ಯೂನಿಟ್ ಎಂದೇ ಬರೆದಿದ್ದಾರೆ. ಹಾಗಾದರೆ ಇವುಗಳ ನಡುವಿನ ವ್ಯತ್ಯಾಸವೇನು, ನನ್ನ ಬಿ.ಕಾಂ. ಓದು ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ, ಶುಲ್ಕ ಎಷ್ಟಾಗಬಹುದು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕು.

ತುಂಗಾತೀರ

ನಾನು ಈ ರಾಜ್ಯದ ಕಮ್ಯುನಿಟಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೆ ಓದಿನ ಯೋಜನೆ ಹಾಕಿಕೊಡುವ ಕೆಲಸದಲ್ಲಿದ್ದೇನೆ. ಈ ಪ್ರಶ್ನೆ ನಮ್ಮ ಮೇಜಿನ ಮುಂದೆ ವಾರಕ್ಕೊಮ್ಮೆಯಾದರೂ ಬರುವಂಥದ್ದಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲಿಗೆ ಯೂನಿಟ್. ಸೆಮಿಸ್ಟರ್ ಪದ್ಧತಿಯಲ್ಲಿ ಒಂದು ಯೂನಿಟ್ ಎಂದರೆ ವಾರಕ್ಕೆ ತರಗತಿಯಲ್ಲಿ ಒಂದು ಗಂಟೆ, ತರಗತಿಯ ಹೊರಗೆ ಎರಡು ಗಂಟೆಯ ಓದು ಬರಹ. ಮೂರು ಯೂನಿಟ್‌ನ ಒಂದು ವಿಷಯಕ್ಕೆ ವಾರದಲ್ಲಿ ಒಂಬತ್ತು ಗಂಟೆ ಎತ್ತಿಡಬೇಕು. ನಾಲ್ಕು ಸೆಮಿಸ್ಟರ್‌ನಲ್ಲಿ 60 ಯೂನಿಟ್ ಮುಗಿಯಬೇಕಾದರೆ ಸೆಮಿಸ್ಟರ್‌ಗೆ 15 ಯೂನಿಟ್ ಓದಬೇಕಾಗುತ್ತದೆ, ಅಂದರೆ ವಾರಕ್ಕೆ 45 ಗಂಟೆ. ಎರಡು ವರ್ಷದ ಪದವಿ ಎಂಬುದು ಈ ವೇಗದಲ್ಲಿ ಓದುವವರಿಗೆ ಮಾತ್ರ ನಿಜವಾದ ಮಾತು. ಮನೆ, ಮಗು ನೋಡಿಕೊಂಡು ಓದುವವರಿಗೆ ಮೂರು ಅಥವಾ ನಾಲ್ಕು ವರ್ಷ ಹಿಡಿಯುವುದು ಸಾಮಾನ್ಯ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಆ 60ರ ಒಳಗೆ ಮೂರು ಭಾಗಗಳಿವೆ. ಪ್ರಧಾನ ವಿಷಯ ಅಥವಾ ಒತ್ತಿನ ಕ್ಷೇತ್ರಕ್ಕೆ ಕನಿಷ್ಠ 18 ಯೂನಿಟ್. ಸಾಮಾನ್ಯ ಶಿಕ್ಷಣಕ್ಕೆ, ಅಂದರೆ ಎಲ್ಲರೂ ಓದಲೇಬೇಕಾದ ವಿಷಯಗಳಿಗೆ, ಸ್ಥಳೀಯ ಎಎಯಲ್ಲಿ (ಕಾಲೇಜು ತಾನೇ ರೂಪಿಸಿದ ಪದವಿಯಲ್ಲಿ) ಕನಿಷ್ಠ 21 ಯೂನಿಟ್. ಉಳಿದದ್ದು ಐಚ್ಛಿಕ. ಸಾಮಾನ್ಯ ಶಿಕ್ಷಣದ 21ರಲ್ಲಿ ಇಂಗ್ಲಿಷ್ ಪ್ರಬಂಧ ರಚನೆ, ಮೌಖಿಕ ಸಂವಹನ ಮತ್ತು ವಿಮರ್ಶಾತ್ಮಕ ಚಿಂತನೆ, ಗಣಿತ, ಕಲೆ ಮತ್ತು ಮಾನವಿಕ, ಸಮಾಜ ವಿಜ್ಞಾನ, ನಿಸರ್ಗ ವಿಜ್ಞಾನ, ಎತ್ನಿಕ್ ಸ್ಟಡೀಸ್ (ಜನಾಂಗೀಯ ಸಮುದಾಯಗಳ ಅಧ್ಯಯನ) ಎಂಬ ಏಳು ವಿಭಾಗಗಳಿಂದ ಮೂರು ಮೂರು ಯೂನಿಟ್ ಬರಬೇಕು. ಒಟ್ಟು ಜಿಪಿಎ, ಅಂದರೆ ದರ್ಜೆಗಳ ಸರಾಸರಿ, 2.0ಕ್ಕಿಂತ ಕಡಿಮೆ ಇರಬಾರದು. ಪ್ರಧಾನ ವಿಷಯದ ಪ್ರತಿಯೊಂದು ಕೋರ್ಸ್‌ನಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ದರ್ಜೆ ಬರಬೇಕು. ಪದವಿ ಕೊಡುವ ಕಾಲೇಜಿನಲ್ಲೇ ಕನಿಷ್ಠ 12 ಯೂನಿಟ್ ಓದಿರಬೇಕು.

ಈಗ ವ್ಯತ್ಯಾಸಕ್ಕೆ ಬರೋಣ. ಸಮಾಜ ಮತ್ತು ವರ್ತನಾ ವಿಜ್ಞಾನಗಳು ಎಂಬ ಹೆಸರಿನ ಎಎ ಸಾಮಾನ್ಯವಾಗಿ ಸ್ಥಳೀಯ ಪದವಿ. ಅದರ 18 ಯೂನಿಟ್‌ಗಳನ್ನು ಮಾನವಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ, ಇತಿಹಾಸ, ರಾಜ್ಯಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ ಮುಂತಾದ ಹಲವು ವಿಭಾಗಗಳಿಂದ ಆರಿಸಿಕೊಳ್ಳಬಹುದು. ಎಷ್ಟು ವಿಭಾಗಗಳಿಗೆ ಹರಡಿರಬೇಕು ಎಂಬುದನ್ನು ಆಯಾ ಕಾಲೇಜು ಗೊತ್ತುಮಾಡುತ್ತದೆ. ಎಎ-ಟಿ ಹಾಗಲ್ಲ. 2010ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿದ ಎಸ್‌ಬಿ 1440 ಎಂಬ ಕಾನೂನಿನಿಂದ ಬಂದ ವರ್ಗಾವಣೆಯ ಪದವಿ ಅದು. ಅದರ 60 ಯೂನಿಟ್‌ಗಳೂ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗುವಂಥವೇ ಆಗಿರಬೇಕು, ಅದಕ್ಕೆ ಸ್ಥಳೀಯ ಕಾಲೇಜು ತನ್ನ ಕಡೆಯಿಂದ ಬೇರೆ ಷರತ್ತು ಸೇರಿಸುವಂತಿಲ್ಲ. ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಸ್ಥಾನ ಖಚಿತ, ಇನ್ನು 60 ಯೂನಿಟ್‌ನಲ್ಲಿ ಬಿಎ ಮುಗಿಯುತ್ತದೆ. ‘ಎಲ್ಲಾದರೂ ಒಂದು ಕಡೆ’ ಎಂಬುದನ್ನು ಗಮನವಿಟ್ಟು ಓದಿ. ನೀವು ಬಯಸಿದ ಕ್ಯಾಂಪಸ್‌ನಲ್ಲೇ ಎಂದು ಯಾರೂ ಮಾತು ಕೊಡುವುದಿಲ್ಲ.

ಆದ್ದರಿಂದ ಮೊದಲ ಕೋರ್ಸಿಗೆ ಹೆಸರು ಬರೆಸುವ ಮುನ್ನವೇ, ಕಡೆಗೆ ಎಲ್ಲಿಗೆ ಹೋಗಿ ಮುಟ್ಟಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಅದೊಂದು ಗೊತ್ತಾದರೆ ಉಳಿದದ್ದು ಕೂಡಿಸುವ ಕಳೆಯುವ ಲೆಕ್ಕ ಮಾತ್ರ.

ಬಯಲುಸೀಮೆ

ತುಂಗಾತೀರ ಅವರೇ, 18 ಮತ್ತು 21 ಕೂಡಿದರೆ 39. ಹಾಗಾದರೆ ಐಚ್ಛಿಕಕ್ಕೆ 21 ಯೂನಿಟ್ ಉಳಿಯಿತು ಎಂದೇ ತಾನೇ ಅರ್ಥ? ಪ್ರೌಢಶಾಲೆಯಲ್ಲಿರುವ ನನ್ನ ಮಗಳೂ ಇದೇ ದಾರಿಯನ್ನು ಯೋಚಿಸುತ್ತಿರುವುದರಿಂದ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ಎತ್ನಿಕ್ ಸ್ಟಡೀಸ್ ಎಂಬುದನ್ನು ಕಡ್ಡಾಯ ಮಾಡಿರುವುದು ನನಗೆ ಸರಿ ಕಾಣುವುದಿಲ್ಲ. ಆಪ್ತಸಮಾಲೋಚಕಿಯಾಗಬೇಕಾದವರು ಆ ಮೂರು ಯೂನಿಟ್‌ನಲ್ಲಿ ಇನ್ನೊಂದು ಮನಃಶಾಸ್ತ್ರದ ಕೋರ್ಸ್ ಓದಿದ್ದರೆ ಆಗುತ್ತಿರಲಿಲ್ಲವೇ?

ತುಂಗಾತೀರ

ಐಚ್ಛಿಕಕ್ಕೆ 21ಕ್ಕಿಂತ ಹೆಚ್ಚೇ ಉಳಿಯುತ್ತದೆ. ಒಂದೇ ಕೋರ್ಸ್ ಪ್ರಧಾನ ವಿಷಯಕ್ಕೂ ಸಾಮಾನ್ಯ ಶಿಕ್ಷಣಕ್ಕೂ ಸಲ್ಲಬಹುದು. ಯೂನಿಟ್ ಮಾತ್ರ ಒಂದೇ ಸಲ ಎಣಿಕೆಯಾಗುತ್ತದೆ. ಮನಃಶಾಸ್ತ್ರ ಪ್ರವೇಶ ಎಂಬ ಕೋರ್ಸ್ ನಿಮ್ಮ ಮಗಳಿಗೆ ಸಮಾಜ ವಿಜ್ಞಾನದ ಕಲಮನ್ನೂ ತುಂಬುತ್ತದೆ, 18ರ ಲೆಕ್ಕದಲ್ಲೂ ಬರುತ್ತದೆ. ಸಂಖ್ಯಾಶಾಸ್ತ್ರವೂ ಹಲವು ಕಡೆ ಹೀಗೆಯೇ.

ಎಎ-ಟಿಗೆ ಹೋಗುವವರಿಗೆ ಮಾತ್ರ ಸಾಮಾನ್ಯ ಶಿಕ್ಷಣ 21 ಅಲ್ಲ. ಅವರು ಕ್ಯಾಲ್‌ಗೆಟ್ಸಿ ಎಂಬ ಮಾದರಿಯನ್ನು ಪೂರೈಸಬೇಕು. 2025ರ ಶರತ್ಕಾಲದಿಂದ ಸೇರುವವರಿಗೆ ಹಳೆಯ ಎರಡು ಮಾದರಿಗಳ ಜಾಗದಲ್ಲಿ ಇದೊಂದೇ ಬಂದಿದೆ. ಹನ್ನೊಂದು ಕೋರ್ಸ್, 34 ಯೂನಿಟ್: ಇಂಗ್ಲಿಷ್ ಮತ್ತು ಸಂವಹನಕ್ಕೆ ಮೂರು, ಗಣಿತಕ್ಕೆ ಒಂದು, ಕಲೆ ಮಾನವಿಕಕ್ಕೆ ಎರಡು, ಎರಡು ಬೇರೆ ಬೇರೆ ವಿಭಾಗಗಳಿಂದ ಸಮಾಜ ವಿಜ್ಞಾನಕ್ಕೆ ಎರಡು, ವಿಜ್ಞಾನಕ್ಕೆ ಎರಡು ಮತ್ತು ಅದರ ಜೊತೆಗೊಂದು ಪ್ರಯೋಗಾಲಯ, ಎತ್ನಿಕ್ ಸ್ಟಡೀಸ್‌ಗೆ ಒಂದು. ಇವುಗಳಲ್ಲಿ ಪ್ರತಿಯೊಂದರಲ್ಲೂ ಸಿ ಬರಲೇಬೇಕು.

ಮಗಳು ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಕೋರ್ಸ್ ತೆಗೆದುಕೊಳ್ಳಬಹುದು, ಶಾಲೆಯ ಒಪ್ಪಿಗೆ ಬೇಕು. ಆದರೆ ಅಲ್ಲಿ ಬಂದ ದರ್ಜೆ ಆಯುಷ್ಯಪೂರ್ತಿ ಕಾಲೇಜಿನ ದಾಖಲೆಯಲ್ಲಿ ಉಳಿಯುತ್ತದೆ. ಹದಿನೈದು ವರ್ಷದ ಮಕ್ಕಳನ್ನು ನಾಲ್ಕು ನಾಲ್ಕು ಕೋರ್ಸಿಗೆ ತಳ್ಳುವ ಪೋಷಕರಿಗೆ ನಾನು ಇದನ್ನೇ ಹೇಳುತ್ತೇನೆ. ಅವರು ಕೇಳುವುದಿಲ್ಲ.

ಕೊಡಚಾದ್ರಿ

ಬಯಲುಸೀಮೆ ಸರ್, ನಾನು ಮನಃಶಾಸ್ತ್ರದ ಎಎ-ಟಿ ಮುಗಿಸಿ ಈಗ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ಎತ್ನಿಕ್ ಸ್ಟಡೀಸ್ ಬಗ್ಗೆ ನನಗೂ ಮೊದಲು ನಿಮ್ಮ ಹಾಗೆಯೇ ಅನಿಸಿತ್ತು. ಮೂಲನಿವಾಸಿಗಳು, ಆಫ್ರಿಕನ್ ಅಮೆರಿಕನ್ನರು, ಲ್ಯಾಟಿನೋ ಸಮುದಾಯ, ಏಷ್ಯನ್ ಅಮೆರಿಕನ್ನರು ಎಂಬ ನಾಲ್ಕು ಗುಂಪುಗಳ ಅಧ್ಯಯನ ಅದು. ನಾನು ಏಷ್ಯನ್ ಅಮೆರಿಕನ್ನರ ಕೋರ್ಸ್ ಆರಿಸಿಕೊಂಡೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಭಾರತೀಯರು ಇಲ್ಲಿನ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. 1956ರಲ್ಲಿ ಇದೇ ರಾಜ್ಯದಿಂದ ದಲೀಪ್ ಸಿಂಗ್ ಸೌಂದ್ ಸಂಸತ್ತಿಗೆ ಆರಿಸಿ ಬಂದರು. ಈ ಎರಡು ವರ್ಷಗಳ ನಡುವೆ ಏನೇನಾಯಿತು ಎಂಬುದು ವೀಸಾದ ಸಾಲಿನಲ್ಲಿ ನಿಂತಿರುವ ನಮ್ಮಂಥವರಿಗೆ ತಿಳಿದಿರಬೇಕಾದ ವಿಷಯವೇ. ವಲಸೆ ಬಂದ ಕುಟುಂಬಗಳ ಜೊತೆ ಕುಳಿತು ಮಾತಾಡುವ ವೃತ್ತಿಗೆ ಹೋಗುವವರಿಗಂತೂ ಇದು ಹೊರಗಿನ ವಿಷಯವಲ್ಲ.

ಮಲ್ಲಿಗೆಹಂಬು ಅವರೇ, ಮನಃಶಾಸ್ತ್ರದ ಎಎ-ಟಿಯಲ್ಲಿ ಮನಃಶಾಸ್ತ್ರ ಪ್ರವೇಶ, ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಈ ಮೂರು ತಿರುಳು. ಇವುಗಳ ಜೊತೆಗೆ ಜೀವಶಾಸ್ತ್ರ ಅಥವಾ ಜೈವಿಕ ಮನಃಶಾಸ್ತ್ರ ಬರುತ್ತದೆ. ವಿದ್ಯಾರ್ಥಿಗಳು ಎಡವುವುದು ಸಂಶೋಧನಾ ವಿಧಾನದಲ್ಲಿ. ಸಂಖ್ಯಾಶಾಸ್ತ್ರ ಮುಗಿಯದೆ ಅದಕ್ಕೆ ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಸಂಖ್ಯಾಶಾಸ್ತ್ರವನ್ನು ಕಡೆಗೆಂದು ತಳ್ಳಿದವರ ಪದವಿ ಪೂರ್ತಿ ಒಂದು ಸೆಮಿಸ್ಟರ್ ಹಿಂದೆ ಬೀಳುತ್ತದೆ.

ಆ ತರಗತಿಯ ಸ್ವರೂಪ ತಿಳಿಯಲೆಂದು ನಮ್ಮ ಮೊದಲ ಅಭ್ಯಾಸವನ್ನೇ ಹೇಳುತ್ತೇನೆ. ರಸ್ತೆ ದಾಟುವ ಜಾಗದಲ್ಲಿ ಪಾದಚಾರಿಗಳಿಗೆಂದು ಗುಂಡಿಯೊಂದಿರುತ್ತದಲ್ಲ, ಒಬ್ಬರು ಅದನ್ನು ಒತ್ತಿರುವುದನ್ನು ನೋಡಿದ ಮೇಲೂ ಇನ್ನೊಬ್ಬರು ಬಂದು ಮತ್ತೆ ಒತ್ತುತ್ತಾರೆಯೇ ಎಂದು ಇಬ್ಬರು ವಿದ್ಯಾರ್ಥಿಗಳು ಪ್ರತ್ಯೇಕವಾಗಿ ನಿಂತು ಎಣಿಸಬೇಕಿತ್ತು. ನೋಡಲು ಮಕ್ಕಳಾಟದಂತಿದೆ. ಆದರೆ ‘ನೋಡಿದ’ ಎಂದರೇನು? ತಲೆ ತಿರುಗಿಸಿದರೆ ಸಾಕೇ? ಕೈಯಲ್ಲಿ ಫೋನಿದ್ದವರನ್ನು ಯಾವ ಗುಂಪಿಗೆ ಸೇರಿಸಬೇಕು? ಮಗುವನ್ನು ಎತ್ತಿಕೊಂಡು ಬಂದವಳ ಬದಲು ಮಗುವೇ ಗುಂಡಿ ಒತ್ತಿದರೆ ಅದು ಯಾರ ವರ್ತನೆ? ಇವನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳದೆ ಹೋಗಿದ್ದರಿಂದ ನನ್ನ ಪಟ್ಟಿಗೂ ಜೊತೆಗಾತಿಯ ಪಟ್ಟಿಗೂ ತಾಳೆಯೇ ಆಗಲಿಲ್ಲ. ಅಧ್ಯಾಪಕಿ ಆ ತಾಳೆಯಾಗದ ಪಟ್ಟಿಗಳನ್ನೇ ಹಲಗೆಯ ಮೇಲೆ ಬರೆಸಿ ಮುಂದಿನ ಎರಡು ತರಗತಿ ಪಾಠ ಮಾಡಿದರು. ವರ್ತನಾ ವಿಜ್ಞಾನ ಎಂಬುದರಲ್ಲಿ ‘ವಿಜ್ಞಾನ’ ಏಕಿದೆ ಎಂದು ನನಗೆ ಅಂದು ಅರ್ಥವಾಯಿತು.

ನಿವೃತ್ತ ಮೇಷ್ಟ್ರು

ಮಗನ ಮನೆಗೆಂದು ಬಂದಿರುವ ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವನು. ಕೊಡಚಾದ್ರಿಯವರ ಬರಹ ಓದಿ ಖುಷಿಯಾಯಿತು. ವಿಷಯಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ಸೇರಿಸುತ್ತೇನೆ.

ನೀವೆಲ್ಲ ಇರುವ ಊರುಗಳಿಗೆ ಸಮೀಪದ ಸ್ಟ್ಯಾನ್‌ಫರ್ಡ್‌ನಲ್ಲಿ ವರ್ತನಾ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರವೊಂದಿದೆ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1970ರಲ್ಲಿ ಅಲ್ಲಿದ್ದರು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ವಾಸವಾಗಿದ್ದು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿಕೊಂಡಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಕೇಂದ್ರಕ್ಕೆ ಬೆಂಕಿಯಿಟ್ಟಾಗ ಆ ಸಿದ್ಧ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ನೆನಪನ್ನೇ ಆಧಾರವಾಗಿಟ್ಟುಕೊಂಡು, ರಾಂಪುರ ಎಂಬ ಹೆಸರು ಕೊಟ್ಟು, ಆ ಹಳ್ಳಿಯ ಕುರಿತ ಗ್ರಂಥವನ್ನು ಬರೆದರು. ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ ಎಂಬ ಅವರ ಪರಿಕಲ್ಪನೆಗಳು ಭಾರತದ ಸಮಾಜವನ್ನು ಪಾಠ ಮಾಡುವಲ್ಲೆಲ್ಲ ಚರ್ಚೆಗೆ ಬರುತ್ತವೆ.

ಇದನ್ನು ಹೇಳಲು ಕಾರಣವಿದೆ. ಸಮಾಜಶಾಸ್ತ್ರವನ್ನೋ ಮಾನವಶಾಸ್ತ್ರವನ್ನೋ 60 ಯೂನಿಟ್‌ನ ಕೋಷ್ಟಕ ತುಂಬಲು ಸಿಕ್ಕ ಸುಲಭದ ವಿಷಯ ಎಂದು ಭಾವಿಸುವವರು ಅನೇಕರಿದ್ದಾರೆ. ತಾಯಿ ಮಲ್ಲಿಗೆಹಂಬು, ನೀವು ಸ್ಥಳೀಯ ಎಎಯನ್ನೇ ಆರಿಸಿದರೂ ಆ 18 ಯೂನಿಟ್‌ನಲ್ಲಿ ಸಾಂಸ್ಕೃತಿಕ ಮಾನವಶಾಸ್ತ್ರಕ್ಕೆ ಒಂದು ಜಾಗ ಕೊಡಿ. ಮುಂದೆ ನಿಮ್ಮೆದುರು ಕೂತು ಮನಸ್ಸು ಬಿಚ್ಚುವವರು ಯಾವ ಮನೆಯಿಂದ, ಯಾವ ಕಟ್ಟುಪಾಡಿನಿಂದ ಬಂದವರು ಎಂಬುದನ್ನು ನೋಡುವ ಕಣ್ಣು ಅಲ್ಲಿ ಸಿಗುತ್ತದೆ.

ಮಲ್ಲಿಗೆಹಂಬು

ಎಲ್ಲರಿಗೂ ತುಂಬ ಧನ್ಯವಾದ, ಮೇಷ್ಟ್ರಿಗೆ ವಿಶೇಷವಾಗಿ. ಬಿ.ಕಾಂ. ಮತ್ತು ಶುಲ್ಕದ ಪ್ರಶ್ನೆ ಹಾಗೆಯೇ ಉಳಿಯಿತು. ಪರಿಚಿತರೊಬ್ಬರು, ಎಚ್-4ನವರು ಹೊರರಾಜ್ಯದವರ ಶುಲ್ಕವನ್ನೇ ಕಟ್ಟಬೇಕು, ಓದಬೇಕಾದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು ಎಂದು ಹೆದರಿಸಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ ಇಂಗ್ಲಿಷ್‌ನ ಕೋರ್ಸಿಗೆ ಮೊದಲು ಪೂರ್ವಸಿದ್ಧತೆಯ ತರಗತಿಗಳಲ್ಲಿ ಕೂರಿಸುತ್ತಾರೇನೋ ಎಂಬ ಅಳುಕೂ ಇದೆ.

ತುಂಗಾತೀರ

ಆ ಪರಿಚಿತರ ಎರಡು ಮಾತೂ ತಪ್ಪು. ಎಚ್-4ನಲ್ಲಿರುವವರು ವೀಸಾ ಬದಲಿಸದೆಯೇ ಪೂರ್ಣಾವಧಿಗಾಗಲಿ ಅರೆಕಾಲಿಕವಾಗಲಿ ಓದಬಹುದು. ಶುಲ್ಕದ ವಿಷಯದಲ್ಲೂ ಎಚ್-4 ಈ ರಾಜ್ಯದ ನಿವಾಸಿ ಎನಿಸಿಕೊಳ್ಳಲು ಅಡ್ಡಿಯಿಲ್ಲದ ವೀಸಾಗಳಲ್ಲಿ ಒಂದು. ಸೆಮಿಸ್ಟರ್ ಆರಂಭಕ್ಕೆ ಮುಂಚೆ ಒಂದು ವರ್ಷಕ್ಕೂ ಹೆಚ್ಚು ಇಲ್ಲಿ ವಾಸವಿದ್ದು, ಇಲ್ಲೇ ನೆಲೆಸುವ ಉದ್ದೇಶವನ್ನು ಚಾಲನಾ ಪರವಾನಗಿ, ರಾಜ್ಯದ ತೆರಿಗೆ ಪತ್ರ, ಬಾಡಿಗೆ ಕರಾರು ಇಂಥ ಕಾಗದಗಳಿಂದ ತೋರಿಸಿದರೆ ನಿವಾಸಿಯ ಶುಲ್ಕವೇ ಅನ್ವಯಿಸುತ್ತದೆ. ಒಂದೂವರೆ ವರ್ಷ ಆಗಿರುವ ನಿಮಗೆ ಅವಧಿಯ ತೊಂದರೆಯಿಲ್ಲ. ಎಫ್-1ಗೆ ಬದಲಾದರೆ ಈ ಅನುಕೂಲವೇ ಕೈಬಿಡುತ್ತದೆ, ಆದ್ದರಿಂದ ಆ ಸಲಹೆಯನ್ನು ದೂರವಿಡಿ.

ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ಗೆ 2,760 ಡಾಲರ್, ಅದರ ಮೇಲೆ ಪುಸ್ತಕ ಮತ್ತು ಸಣ್ಣಪುಟ್ಟ ಶುಲ್ಕ. ಎಚ್-4ನವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ದೊರೆಯುವುದಿಲ್ಲ.

ಪೂರ್ವಸಿದ್ಧತೆಯ ಬಗ್ಗೆ ಅಳುಕು ಬೇಡ. 2017 ಮತ್ತು 2022ರಲ್ಲಿ ಬಂದ ಎರಡು ಕಾನೂನುಗಳ ನಂತರ, ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಪೂರ್ವಸಿದ್ಧತೆಯ ತರಗತಿಗಳಲ್ಲಿ ಕೂರಿಸುವ ಪದ್ಧತಿ ಬಹುಮಟ್ಟಿಗೆ ನಿಂತಿದೆ. ನೇರವಾಗಿ ಕಾಲೇಜು ಮಟ್ಟದ ಇಂಗ್ಲಿಷ್‌ಗೆ ಸೇರಿ, ಬೇಕಿದ್ದರೆ ಜೊತೆಯಲ್ಲೇ ನಡೆಯುವ ಸಹಾಯಕ ತರಗತಿಯನ್ನು ತೆಗೆದುಕೊಳ್ಳಬಹುದು. ಇಂಗ್ಲಿಷ್ ಎರಡನೆಯ ಭಾಷೆಯಾದವರಿಗೆ ಬೇರೆ ತರಗತಿಗಳೂ ಇವೆ. ನಿಮ್ಮ ಕನ್ನಡ ಮಾಧ್ಯಮವೇ ಮುಂದೊಂದು ದಿನ ಉಪಕಾರಕ್ಕೆ ಬರಬಹುದು: ಸ್ಟೇಟ್ ಯೂನಿವರ್ಸಿಟಿಗಿಂತ ಬೇರೆಯಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ಇಂಗ್ಲಿಷಲ್ಲದ ಭಾಷೆಯ ಷರತ್ತು ಎದುರಾದಾಗ, ಇಂಗ್ಲಿಷಲ್ಲದ ಮಾಧ್ಯಮದಲ್ಲಿ ಆರನೆಯ ತರಗತಿ ಅಥವಾ ಅದಕ್ಕೂ ಮೇಲಿನ ಹಂತದಲ್ಲಿ ಎರಡು ವರ್ಷವಾದರೂ ಓದಿದ ದಾಖಲೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಊರಿಗೆ ಹೋದಾಗ ಹೈಸ್ಕೂಲಿನ ಅಂಕಪಟ್ಟಿ ತಂದಿಟ್ಟುಕೊಳ್ಳಿ.

ಬಿ.ಕಾಂ. ವಿಷಯ ಸ್ವಲ್ಪ ಸೂಕ್ಷ್ಮ. ನ್ಯಾಸೆಸ್ ಒಕ್ಕೂಟದ ಸದಸ್ಯ ಸಂಸ್ಥೆಯೊಂದರಿಂದ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಬೇಕು, ಪದವಿಯ ಒಟ್ಟು ತೂಕ ಮಾತ್ರವಲ್ಲದೆ ಪ್ರತಿಯೊಂದು ವಿಷಯದ ಯೂನಿಟ್ ತೋರಿಸುವ ವಿವರವಾದ ವರದಿಯನ್ನೇ ಕೇಳಿ. ಅದರಿಂದ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದಂಥ ಕೆಲವು ವಿಷಯಗಳನ್ನು ಸ್ಥಳೀಯ ಎಎಗೆ ಕಾಲೇಜು ಒಪ್ಪಬಹುದು. ಕ್ಯಾಲ್‌ಗೆಟ್ಸಿಗೆ ಸಾಮಾನ್ಯವಾಗಿ ವಿದೇಶದ ಓದು ಸಲ್ಲುವುದಿಲ್ಲ. ಅಂದರೆ ಎಎ-ಟಿ ಹಿಡಿದರೆ ನೀವು ಬಹುಪಾಲು ಮೊದಲಿನಿಂದಲೇ ಓದಬೇಕಾದೀತು.

ನನ್ನ ನಿಜವಾದ ಅಭಿಪ್ರಾಯ ಹೀಗಿದೆ. ಈ ರಾಜ್ಯದಲ್ಲಿ ಎರಡು ವರ್ಷದ ಪದವಿಯಿಂದಾಗಲಿ ಬಿಎಯಿಂದಾಗಲಿ ಆಪ್ತಸಮಾಲೋಚಕರ ಪರವಾನಗಿ ಸಿಗುವುದಿಲ್ಲ. ವಿವಾಹ ಮತ್ತು ಕುಟುಂಬ ಚಿಕಿತ್ಸಕರಾಗಲು ಸ್ನಾತಕೋತ್ತರ ಪದವಿ, ಅದರ ಜೊತೆಗೆ ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಅನುಭವ, ಪರೀಕ್ಷೆಗಳು ಬೇಕು. ಹಲವು ಸ್ನಾತಕೋತ್ತರ ವಿಭಾಗಗಳು ಯಾವುದೇ ವಿಷಯದ ಪದವೀಧರರನ್ನು, ಕೆಲವು ಪೂರ್ವಾಪೇಕ್ಷಿತ ಕೋರ್ಸ್ ಓದಿದ್ದರೆ, ಪರಿಗಣಿಸುತ್ತವೆ. ನಿಮ್ಮ ಮೂರು ವರ್ಷದ ಪದವಿಯನ್ನು ಇಲ್ಲಿನ ಬಿಎಗೆ ಸಮವೆಂದು ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪುವ ಕಡೆ ಸೇರುವ ಹಾಗಿದ್ದರೆ 60 ಯೂನಿಟ್‌ನ ಎಎಯೇ ನಿಮಗೆ ಬೇಡ, ಪೂರ್ವಾಪೇಕ್ಷಿತ ಕೋರ್ಸ್‌ಗಳನ್ನಷ್ಟೇ ಕಮ್ಯುನಿಟಿ ಕಾಲೇಜಿನಲ್ಲಿ ಓದಿದರೆ ಸಾಕು. ಒಪ್ಪದಿದ್ದರೆ ಎಎ-ಟಿಯೇ ನೇರದ ದಾರಿ. ಸ್ಥಳೀಯ ಎಎ ನಿಮ್ಮ ಗುರಿಗೆ ಎರಡು ಲೆಕ್ಕದಲ್ಲೂ ಹೊಂದುವುದಿಲ್ಲ ಎಂದೇ ನನಗೆ ತೋರುತ್ತದೆ. ಓದಿನ ತೃಪ್ತಿಗಾಗಿಯೋ, ಪದವಿ ಬೇಕೆಂದಷ್ಟೇ ಕೇಳುವ ಕಚೇರಿ ಕೆಲಸಕ್ಕಾಗಿಯೋ ಆದರೆ ಅದು ಒಳ್ಳೆಯ ಪದವಿ.

3,000 ಗಂಟೆಗಳ ಹಂತ ಬರುವ ಹೊತ್ತಿಗೆ ಕೆಲಸದ ಅನುಮತಿಯ ಪ್ರಶ್ನೆಯೂ ಏಳುತ್ತದೆ. 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಅನುಮತಿ ಸಿಗುತ್ತಿದೆ, ಎಲ್ಲರಿಗೂ ಅಲ್ಲ. ಅದನ್ನು ವಲಸೆ ವಕೀಲರ ಬಳಿ ಮಾತಾಡಿಕೊಳ್ಳಿ.

ಬಯಲುಸೀಮೆ

ಎತ್ನಿಕ್ ಸ್ಟಡೀಸ್ ಬಗ್ಗೆ ಕೊಡಚಾದ್ರಿಯವರ ಮಾತನ್ನು ಒಪ್ಪಿದೆ, ಕಡ್ಡಾಯ ಎಂಬುದನ್ನು ಇನ್ನೂ ಒಪ್ಪಿಲ್ಲ. ಡಿ ಆಂಜಾ ಕಾಲೇಜು ನಮ್ಮ ಮನೆಗೆ ಹತ್ತಿರ, ಆದರೆ ಅಲ್ಲಿ 90 ಯೂನಿಟ್ ಎನ್ನುತ್ತಾರೆ. ಅದು ಹೆಚ್ಚು ಓದೇ?

ಕೊಡಚಾದ್ರಿ

ಇಲ್ಲ ಸರ್. ಕ್ಯುಪರ್ಟಿನೋದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಇವು ಕ್ವಾರ್ಟರ್ ಪದ್ಧತಿಯ ಕಾಲೇಜುಗಳು. ಒಂದು ಸೆಮಿಸ್ಟರ್ ಯೂನಿಟ್‌ಗೆ ಒಂದೂವರೆ ಕ್ವಾರ್ಟರ್ ಯೂನಿಟ್. 60ಕ್ಕೆ 90, ಪ್ರಧಾನ ವಿಷಯದ 18ಕ್ಕೆ 27. ಶುಲ್ಕ ಯೂನಿಟ್‌ಗೆ 31 ಡಾಲರ್. ಫ್ರಿಮಾಂಟ್‌ನ ಓಲೋನಿ ಸೆಮಿಸ್ಟರ್ ಪದ್ಧತಿಯದು. ಮಧ್ಯದಲ್ಲಿ ಕಾಲೇಜು ಬದಲಿಸುವವರು ಮಾತ್ರ ಎಚ್ಚರವಾಗಿರಬೇಕು: ನಾಲ್ಕು ಕ್ವಾರ್ಟರ್ ಯೂನಿಟ್‌ನ ಕೋರ್ಸ್ ಸೆಮಿಸ್ಟರ್ ಲೆಕ್ಕದಲ್ಲಿ ಮೂರಕ್ಕೆ ಸ್ವಲ್ಪ ಕಡಿಮೆ ಬೀಳುತ್ತದೆ, ಹಾಗೆ ನಾಲ್ಕಾರು ಕೋರ್ಸ್ ಸೇರಿದರೆ ಕಡೆಯಲ್ಲಿ ಒಂದೆರಡು ಯೂನಿಟ್ ಕೊರತೆ ಕಾಣಿಸಿಕೊಳ್ಳುತ್ತದೆ. ಕ್ವಾರ್ಟರ್ ಹನ್ನೆರಡು ವಾರಗಳಲ್ಲೇ ಮುಗಿದುಹೋಗುವುದರಿಂದ ಮಧ್ಯಾವಧಿ ಪರೀಕ್ಷೆ ಬಂದದ್ದೇ ತಿಳಿಯುವುದಿಲ್ಲ, ಅದನ್ನೂ ಮಗಳಿಗೆ ಹೇಳಿ.

ಇನ್ನು ಕೋರ್ಸ್‌ಗಳ ಸಂಖ್ಯೆಗಳ ಗೊಂದಲ ಕಡಿಮೆಯಾಗುತ್ತಿದೆ. 2025ರ ಶರತ್ಕಾಲದಿಂದ ಮನಃಶಾಸ್ತ್ರ ಪ್ರವೇಶ, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಪ್ರಬಂಧದಂಥ ಕೆಲವು ಕೋರ್ಸ್‌ಗಳಿಗೆ ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಒಂದೇ ಸಂಖ್ಯೆ ಬರುತ್ತಿದೆ. ಉಳಿದವು ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂಬುದನ್ನು ಅಸಿಸ್ಟ್ ಎಂಬ ಅಧಿಕೃತ ಜಾಲತಾಣದಲ್ಲಿ ನೋಡಬಹುದು. ಮಗಳು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕಡೆ ನೋಡುತ್ತಿದ್ದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳಿಗೆ ಖಚಿತ ಪ್ರವೇಶದ ಒಪ್ಪಂದ ಮಾಡಿಕೊಳ್ಳಬಹುದು. ಬರ್ಕ್ಲಿಯಲ್ಲಿ ಅದಿಲ್ಲ.

ಮಲ್ಲಿಗೆಹಂಬು

ಹಾಗಾದರೆ ಮೊದಲು ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ, ನನಗೆ ಒಪ್ಪುವ ಸ್ನಾತಕೋತ್ತರ ವಿಭಾಗಗಳಿಗೆ ಬರೆದು, ಮೂರು ವರ್ಷದ ಪದವಿಯನ್ನು ಒಪ್ಪುತ್ತಾರೆಯೇ ಎಂದು ಕೇಳುತ್ತೇನೆ. ಉತ್ತರ ಬರುವ ತನಕ ಸುಮ್ಮನೆ ಕೂರುವ ಬದಲು ಈ ಸೆಮಿಸ್ಟರ್‌ನಲ್ಲಿ ಯಾವುದನ್ನು ಓದಿದರೆ ಎರಡೂ ದಾರಿಗೆ ಉಪಯೋಗವಾದೀತು?

ತುಂಗಾತೀರ

ಮನಃಶಾಸ್ತ್ರ ಪ್ರವೇಶ ಮತ್ತು ಸಂಖ್ಯಾಶಾಸ್ತ್ರ. ಇವೆರಡು ಎಎ-ಟಿಗೂ ಬೇಕು, ಪೂರ್ವಾಪೇಕ್ಷಿತಗಳ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುತ್ತವೆ. ಬಿ.ಕಾಂ.ನಲ್ಲಿ ಸಂಖ್ಯಾಶಾಸ್ತ್ರ ಓದಿದ್ದರೂ ಇಲ್ಲಿ ಮತ್ತೊಮ್ಮೆ ಓದಿ. ಅರ್ಜಿಯನ್ನು ಸಿಸಿಸಿ ಅಪ್ಲೈ ತಾಣದಲ್ಲಿ ಸಲ್ಲಿಸಬೇಕು, ಅರ್ಜಿಗೆ ಶುಲ್ಕವಿಲ್ಲ. ನಿವಾಸದ ಪ್ರಶ್ನೆಗಳು ಬರುವ ಪುಟದಲ್ಲಿ ವೀಸಾದ ವರ್ಗ ಮತ್ತು ರಾಜ್ಯಕ್ಕೆ ಬಂದ ದಿನಾಂಕವನ್ನು ದಾಖಲೆಯಲ್ಲಿರುವಂತೆಯೇ ತುಂಬಿ. ತಪ್ಪಾಗಿ ಹೊರರಾಜ್ಯದವರೆಂದು ಗುರುತಾದರೆ, ತರಗತಿ ಆರಂಭವಾಗುವ ಮುನ್ನವೇ ಪ್ರವೇಶ ವಿಭಾಗಕ್ಕೆ ಕಾಗದಗಳನ್ನು ಕೊಟ್ಟು ಸರಿಪಡಿಸಿಕೊಳ್ಳಿ.